ಹಳಸಿದ್ದು

ಏಪ್ರಿಲ್ 4

ಪ್ರೀತಿಯ ಅಕ್ಕ,

ನಗಬೇಡ ಎಂದು ಮೊದಲೇ ಹೇಳಿಬಿಡುತ್ತೇನೆ. ಮದುವೆಯಾಗಿ ಇವತ್ತಿಗೆ ಹದಿನಾರು ದಿನ. ಜನ ಹೊಸ ಹೆಂಡತಿಯನ್ನು ಬೆಟ್ಟಕ್ಕೋ ಸಮುದ್ರಕ್ಕೋ ಕರೆದುಕೊಂಡು ಹೋಗುತ್ತಾರೆ. ಇವರು ನನ್ನನ್ನು ಈರುಳ್ಳಿ ಮೂಟೆಯ ಮೇಲೆ ಕೂರಿಸಿಕೊಂಡು ಸೇವೆಗೆ ಹೊರಟಿದ್ದಾರೆ. ಶಾಲೆಗೆ ರಜೆ ಬಂದರೆ ಡ್ರಿಲ್ ಮಾಸ್ತರಿಗೆ ಬೇರೇನು ಕೆಲಸ, ಸೇವಾ ಸಂಘದ ವ್ಯಾನು ಹತ್ತುವುದೇ ಕೆಲಸವಂತೆ.

ವ್ಯಾನಿನಲ್ಲಿ ನಾವು ನಾಲ್ವರು. ಸಂಘ ನಡೆಸುವ ನಿವೃತ್ತ ಹೆಡ್‌ಮಿಸ್ಟ್ರೆಸ್, ಅಡುಗೆಯವನು, ಇವರು, ನಾನು. ಅಡುಗೆಯವನನ್ನು ಎಲ್ಲರೂ ಗೊರಕೆ ಮಾವ ಎನ್ನುತ್ತಾರೆ. ಯಾಕೆಂದು ಬಿಡಿಸಿ ಹೇಳಬೇಕಿಲ್ಲ. ಡೀಸೆಲ್ಲು, ಕೊಳೆತ ಈರುಳ್ಳಿ, ಗೊರಕೆ ಮಾವನ ಕಾಲುಚೀಲ ಮೂರೂ ಸೇರಿ ವ್ಯಾನಿನೊಳಗೆ ನಾಲ್ಕನೆಯ ವಾಸನೆಯೊಂದು ಹುಟ್ಟಿದೆ. ಅದಕ್ಕಿನ್ನೂ ಯಾರೂ ಹೆಸರಿಟ್ಟಿಲ್ಲ. ನನ್ನ ಮೂಗಿನ ವಿಷಯ ನಿನಗೆ ಗೊತ್ತೇ ಇದೆ. ಪಕ್ಕದ ಮನೆಯಲ್ಲಿ ಹಾಲು ಒಡೆದರೆ ನಾನು ನಮ್ಮ ಮನೆಯಲ್ಲಿ ಮುಖ ಸಿಂಡರಿಸುತ್ತಿದ್ದೆ, ಅದಕ್ಕೇ ನೀನು ‘ಮೂಗಿ’ ಎಂದು ಕರೆಯುತ್ತಿದ್ದೆ.

ಮೊದಲ ಊರಿನಲ್ಲಿ ರಸ್ತೆ ಕೆಲಸದವರ ಬಿಡಾರ. ನನ್ನ ಪಾಲಿಗೆ ಬಂದದ್ದು ಹಂಡೆ ತೊಳೆಯುವ ಕೆಲಸ. ಹೋದ ವಾರದ ಜಿಡ್ಡು ಒಳಗೆ ಪದರುಗಟ್ಟಿತ್ತು, ಉಗುರಿನಿಂದ ಹೆಸರು ಬರೆಯಬಹುದಿತ್ತು. ಭುಜದವರೆಗೆ ಕೈ ಇಳಿಸಿ ಉಜ್ಜಿದರೆ ತಳದಲ್ಲಿ ಒಂದು ಜಿರಲೆ, ಬೆಂದು ಮೆತ್ತಗಾದದ್ದು. ಆ ಕೈಯಲ್ಲೇ ಊಟ ಮಾಡಬೇಕಲ್ಲ ಎಂದು ಆ ದಿನ ಊಟವನ್ನೇ ಬಿಟ್ಟೆ.

ಇನ್ನೊಂದು ಗುಟ್ಟು. ಇವರು ಊಟ ಮಾಡುವುದನ್ನು ಮದುವೆಗೆ ಮೊದಲು ನಾನು ನೋಡಿರಲಿಲ್ಲ. ಬೆರಳುಗಳು ಒಂದೊಂದಾಗಿ ಬಾಯೊಳಗೆ ಹೋಗಿ ಪಚಕ್ ಎಂದು ಹೊರಗೆ ಬರುತ್ತವೆ. ಐದೂ. ಆಮೇಲೆ ಹಂಡೆಯಲ್ಲಿ ಮಿಕ್ಕಿದ್ದನ್ನೂ ಬಳಿದು ತಿನ್ನುತ್ತಾರೆ. “ಅನ್ನ ಚೆಲ್ಲಬಾರದು ಕಣೇ” ಎನ್ನುತ್ತಾರೆ. ಅಷ್ಟಾದರೂ ಅಕ್ಕ, ಇವರು ಬಂದರೆ ಬಿಡಾರದ ಜನ ಎದ್ದು ನಿಲ್ಲುತ್ತಾರೆ. ಅದನ್ನು ನೋಡಿ ನನಗೇ ನಾಚಿಕೆಯಾಯಿತು, ಬೆರಳು ಚೀಪುವುದೊಂದು ದೊಡ್ಡ ದೋಷವೇ ಎಂದು.

ಅಂದಹಾಗೆ, ಇವರನ್ನು ನೀನು ಮೊದಲು ಕಂಡದ್ದು ಹೇಗೆಂದು ನನಗೆ ಯಾವತ್ತೂ ಸರಿಯಾಗಿ ಹೇಳಲೇ ಇಲ್ಲ.

ನಿನ್ನ ತಂಗಿ


ಏಪ್ರಿಲ್ 11

ಮೂಗಿ,

ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಲಾಂಡ್ರಿಯ ಹೆಂಗಸರಿಗೆಲ್ಲ ಜಿರಲೆ ಕಥೆ ಓದಿ ಹೇಳಿದೆ. ನಾನು ಹನ್ನೊಂದು ವರ್ಷದಿಂದ ಆಸ್ಪತ್ರೆಯ ಬಟ್ಟೆ ಒಗೆಸುತ್ತಿದ್ದೇನೆ. ಬೆಳಿಗ್ಗೆ ಏಳಕ್ಕೆ ವಾರ್ಡಿನಿಂದ ಗಂಟುಗಳು ಇಳಿಯುತ್ತವೆ; ಒಳಗೆ ರಕ್ತವೋ ಕೀವೋ ಮತ್ತೊಂದೋ ಎಂದು ಬಿಚ್ಚುವ ಮೊದಲೇ ತೂಕದಲ್ಲಿ ಹೇಳಬಲ್ಲೆ. ಎಂಟೂವರೆಗೆ ಕೈ ತೊಳೆದು ತಿಂಡಿ ತಿನ್ನುತ್ತೇನೆ. ನೀನೋ, ಒಂದು ಜಿರಲೆಗೆ ಉಪವಾಸ!

ಗಂಡಸರೆಲ್ಲ ಹಾಗೆಯೇ ತಿನ್ನುವುದು. ನಿನ್ನ ಭಾವ ಇದ್ದಾಗ ಸಾರು ಕುಡಿದರೆ ಬೀದಿಯ ನಾಯಿ ಎದ್ದು ಕೂರುತ್ತಿತ್ತು. ಈಗ ಆ ಸದ್ದಿಲ್ಲದೆ ಮನೆ ಬಿಕೋ ಎನ್ನುತ್ತದೆ. ಮಾಸ್ತರು ಬಂಗಾರದಂಥ ಮನುಷ್ಯ. ಕುಡಿಯುವುದಿಲ್ಲ, ಕೈಯೆತ್ತುವುದಿಲ್ಲ, ಹತ್ತು ಜನರಿಗೆ ಬೇಕಾದವನು. ಅಮ್ಮ ಹೋದ ಮೇಲೆ ನಿನ್ನನ್ನು ಬೆಳೆಸಿದವಳು ನಾನು, ಎಂಥವನ ಕೈಗೆ ಕೊಡಬೇಕೆಂದು ನನಗೆ ಗೊತ್ತಿಲ್ಲವೇ?

ಮೊದಲು ಕಂಡದ್ದು ಆಸ್ಪತ್ರೆಯಲ್ಲೇ. ಸಂಘದಿಂದ ಕಂಬಳಿ ಕೊಡಲು ಬಂದಿದ್ದರು. ಅದೊಂದು ದೊಡ್ಡ ಕಥೆ, ಇನ್ನೊಮ್ಮೆ ಹೇಳುತ್ತೇನೆ. ಇಲ್ಲಿ ಎರಡನೇ ಮಿಷನ್ನಿನ ಬೆಲ್ಟು ಹರಿದಿದೆ, ಕೂಗುತ್ತಿದ್ದಾರೆ.

ಅಕ್ಕ


ಏಪ್ರಿಲ್ 23

ಅಕ್ಕ,

ನಿನ್ನ ಕಾಗದ ಎರಡು ಊರು ಸುತ್ತಿ ನಿನ್ನೆ ಕೈಸೇರಿತು. ಇದನ್ನು ಬರೆಯುತ್ತಿರುವುದು ನದಿಯಾಚೆಯ ಊರಿನಿಂದ. ಇಲ್ಲಿ ಹೋದ ಮಳೆಗಾಲದ ನೆರೆಯಲ್ಲಿ ಮನೆ ಕಳೆದುಕೊಂಡ ನೂರಿಪ್ಪತ್ತು ಜನ ಹಳೇ ಹತ್ತಿ ಗೋದಾಮಿನಲ್ಲಿದ್ದಾರೆ.

ದೋಣಿಯಲ್ಲಿ ದಾಟುವಾಗ ಪಕ್ಕದಲ್ಲಿದ್ದವನು ನನ್ನ ಚಪ್ಪಲಿಯ ಮೇಲೆ ವಾಂತಿ ಮಾಡಿದ. ನಾನು ಅವನ ಬುಟ್ಟಿಯ ಮೇಲೆ ಮಾಡಿ ಋಣ ತೀರಿಸಿದೆ. ಲಾಡ್ಜಿನ ಹಾಸಿಗೆಯಲ್ಲಿ ತಿಗಣೆ. ದಿಂಬಿಗೆ ಯಾರದೋ ತಲೆಯ ಎಣ್ಣೆಯಿಂದ ದುಂಡಗೆ ಕಂದು ಗುರುತು, ನಾನು ಮಲಗಿದರೆ ನನ್ನ ತಲೆಗೆ ಅಳತೆ ತೆಗೆದಂತೆ ಸರಿಯಾಗಿ ಕೂರುತ್ತದೆ. ಇವರು ಹಾಯಾಗಿ ನಿದ್ದೆ ಮಾಡುತ್ತಾರೆ.

ದಾನ ಬಂದ ಹಿಟ್ಟಿನ ಮೂಟೆ ಬಿಚ್ಚಿದರೆ ಹಿಟ್ಟು ತಾನಾಗಿಯೇ ಅಲ್ಲಾಡುತ್ತಿತ್ತು. ಹುಳ. ನಾನು ಕಿರುಚಿದೆ. ಇವರು, “ಜರಡಿ ಹಿಡಿದ್ರೆ ಆಯ್ತು, ಹುಳ ಏನು ಮೂಟೆ ತಿಂದುಬಿಡುತ್ತಾ?” ಎಂದರು. ಹೆಡ್‌ಮಿಸ್ಟ್ರೆಸ್ ಕನ್ನಡಕ ಏರಿಸಿ, “ಹಸಿದವನಿಗೆ ಹಳಸಿದ್ದೇ ಮೃಷ್ಟಾನ್ನ ಕಣಮ್ಮ” ಎಂದರು. ಆಯಮ್ಮ ಮಾತ್ರ ಲಾಡ್ಜಿನಲ್ಲಿ ದಿನಾ ಎರಡು ಮೊಟ್ಟೆ ಬೇಯಿಸಿಕೊಂಡು ತಿನ್ನುತ್ತಾರೆ. ಸಿಪ್ಪೆಯನ್ನು ಕಿಟಕಿಯ ಸಂದಿಯಲ್ಲಿ ತುರುಕುತ್ತಾರೆ.

ಇದನ್ನೆಲ್ಲ ಸಹಿಸಬಹುದು. ಮೊನ್ನೆ ನಡೆದದ್ದನ್ನು ಹೇಗೆ ಬರೆಯಲಿ? ಗೋದಾಮಿನಲ್ಲಿ ಒಬ್ಬ ಅಜ್ಜಿ ಇದ್ದಾಳೆ, ಸಣ್ಣ ಆಳು, ಕಿವಿ ಚುರುಕು, ಮಾತು ಇನ್ನೂ ಚುರುಕು. ಇವರು ಅವಳ ಕೈಗೆ ಬ್ರೆಡ್ಡು ಕೊಟ್ಟರು, ಫೋಟೋ ತೆಗೆಸಿದರು. ಬೆಳಕು ಸಾಲದು ಎಂದು ಅವಳ ಕೈಯಿಂದ ಬ್ರೆಡ್ಡು ವಾಪಸು ತೆಗೆದುಕೊಂಡು ಮತ್ತೆ ಕೊಟ್ಟರು. ಅವಳು ಕಣ್ಣು ಮುಚ್ಚಿದ್ದಳು ಎಂದು ಮತ್ತೊಮ್ಮೆ ಕಿತ್ತುಕೊಂಡರು. ಮೂರನೇ ಸಲ ಅಜ್ಜಿ, “ಮಾಸ್ತರೇ, ಹೋಗಿ ಬಂದು ನಿಮ್ಮ ಬ್ರೆಡ್ಡಿಗೆ ಕಾಲು ನೋಯಲ್ವಾ?” ಎಂದಳು. ಸುತ್ತ ಇದ್ದವರು ನಕ್ಕರು, ಇವರೂ ನಕ್ಕರು. ನಾನು ಮಾತ್ರ ಗೋಡೆ ಹಿಂದೆ ಹೋಗಿ ಕಕ್ಕಿದೆ. ಈಗ ಮೂರು ದಿನದಿಂದ ಇವರು ಹತ್ತಿರ ಬಂದರೂ ಓಕರಿಕೆ ಬರುತ್ತಿದೆ.

ತಂಗಿ


ಏಪ್ರಿಲ್ 30

ನನ್ನ ಚಿನ್ನ,

ಕಾಗದ ಓದಿ ಎರಡು ಸಲ ಕಣ್ಣೊರೆಸಿಕೊಂಡೆ. ದಡ್ಡಿ, ನಿನಗಿನ್ನೂ ಅರ್ಥವಾಗಲಿಲ್ಲವೇ? ವಾಸನೆ ಆಗಿಬರದಿರುವುದು, ಊಟ ಸೇರದಿರುವುದು, ಗಂಡ ಹತ್ತಿರ ಬಂದರೂ ಓಕರಿಕೆ. ನಮ್ಮ ವಾರ್ಡಿನ ಸಿಸ್ಟರನ್ನು ಕೇಳಿದೆ. “ಇಷ್ಟು ಬೇಗ ಹೇಳೋಕಾಗಲ್ಲ, ಆದ್ರೂ ತೋರಿಸಲಿ” ಎಂದರು. ಅವರ ಬಾಯಲ್ಲಿ ಅನುಮಾನವಿದ್ದರೂ ಮುಖದಲ್ಲಿ ನಗು ಇತ್ತು.

ಬ್ರೆಡ್ಡು, ಫೋಟೋ ಎಂದು ತಲೆ ಕೆಡಿಸಿಕೊಳ್ಳಬೇಡ. ಫೋಟೋ ಇಲ್ಲದೆ ಯಾರು ದಾನ ಕೊಡುತ್ತಾರೆ? ಭಾರದ್ದು ಎತ್ತಬೇಡ, ಹಂಡೆ ತೊಳೆಯುವುದನ್ನು ಇವತ್ತಿಗೇ ಬಿಡು. ಸವೆದು ಮೆತ್ತಗಾದ ಹಾಸಿಗೆ ಬಟ್ಟೆಗಳನ್ನು ಕೇಳಿ ತೆಗೆದಿಟ್ಟಿದ್ದೇನೆ. ಕೂಸಿಗೆ ಅದರಷ್ಟು ಹಿತವಾದದ್ದು ಇನ್ನೊಂದಿಲ್ಲ. ನೀಲಿ ಅಂಚಿನವು ಆರು ಕತ್ತರಿಸಿ ಹೊಲಿದೂ ಆಯಿತು.

ಅಕ್ಕ (ಇನ್ನು ಮೇಲೆ ದೊಡ್ಡಮ್ಮ)


ಮೇ 9

ಅಕ್ಕ,

ನೀನು ಅಂದುಕೊಂಡ ಹಾಗೆ ಏನೂ ಇಲ್ಲ. ಹೊಲಿಯುವುದನ್ನು ನಿಲ್ಲಿಸು.

ಇಲ್ಲಿ ಕೆಲವರಿಗೆ ಹೊಟ್ಟೆ ಕೆಟ್ಟಿದೆ. ನೀರಿನ ದೋಷ ಎನ್ನುತ್ತಾರೆ. ನಾನು ಚೆನ್ನಾಗಿದ್ದೇನೆ, ಇವರೂ ಚೆನ್ನಾಗಿದ್ದಾರೆ. ಬರೆಯಲು ಪುರುಸೊತ್ತಿಲ್ಲ. ನಿನ್ನಿಂದ ಒಂದು ಉಪಕಾರ ಆಗಬೇಕು. ಭೇದಿ, ವಾಂತಿಯಾದ ಬಟ್ಟೆಯನ್ನು ಇನ್ನೊಬ್ಬರಿಗೆ ಅಂಟದ ಹಾಗೆ ಒಗೆಯುವುದು ಹೇಗೆ? ಮಿಷನ್ನಿಲ್ಲ, ಒಂದು ಹಂಡೆ ಇದೆ. ನಲವತ್ತಮೂರು ಹಾಸಿಗೆ ಬಟ್ಟೆಗೆ ಎಷ್ಟು ಬ್ಲೀಚಿಂಗ್ ಪುಡಿ ಬೇಕು? ಬೇಗ ಬರಿ.

ತಂಗಿ


ಮೇ 14

ಮೊದಲು ಕೆಲಸದ ಮಾತು. ಬಟ್ಟೆ ಕೊಡವಬೇಡ. ಗಟ್ಟಿಯಾದದ್ದನ್ನು ರಟ್ಟಿನಿಂದ ಕೆರೆದು ತೆಗೆದು ಗುಂಡಿ ತೋಡಿ ಹೂಳು. ಸೋಪಿನ ನೀರಿನಲ್ಲಿ ಕುದಿಸು, ಕುದಿ ಹತ್ತಿದ ಮೇಲೂ ಅರ್ಧ ಗಂಟೆ ಇರಲಿ. ನೆರಳು ಬೇಡ, ಸುಡುವ ಬಿಸಿಲಿನಲ್ಲಿ ಒಣಗಿಸು. ಪುಡಿಯ ಅಳತೆ ಚೀಟಿಯಲ್ಲಿ ಬರೆದು ಇದರ ಜೊತೆಗೇ ಇಟ್ಟಿದ್ದೇನೆ. ಕೈಗೆ ಗವಸು ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲ ಕಟ್ಟಿಕೋ.

ಈಗ ಇನ್ನೊಂದು ಮಾತು. ‘ಕೆಲವರಿಗೆ’ ಎಂದು ಬರೆದಿದ್ದೀಯ. ನಾನು ಬಟ್ಟೆ ಎಣಿಸಿ ಹೊಟ್ಟೆ ಹೊರೆಯುವವಳು. ಒಂದೇ ಸಲಕ್ಕೆ ನಲವತ್ತಮೂರು ಹಾಸಿಗೆ ಬಟ್ಟೆ ಬಂದರೆ ಅದು ಎರಡು ವಾರ್ಡು. ನೀರಿನಿಂದ ಬಂದರೆ ಇವತ್ತು ನಾಲ್ಕು, ನಾಳೆ ಹತ್ತು ಎಂದು ಬರುತ್ತದೆ. ಏನು ನಡೆಯಿತು ಅಲ್ಲಿ? ನನ್ನ ಹತ್ತಿರ ಮುಚ್ಚಿಡಬೇಡ.

ಅಕ್ಕ


ಮೇ 21

ಅಕ್ಕ,

ಹೇಳುತ್ತೇನೆ. ಕೂತು ಓದು.

ಸಂಘಕ್ಕೆ ದೊಡ್ಡ ದಾನ ಕೊಡುವ ಗಿರಣಿ ಯಜಮಾನರು ತಮ್ಮ ಕೈಯಾರೆ ಬಡಿಸುತ್ತೇನೆ ಎಂದಿದ್ದರು. ಅವರಿಗಾಗಿ ಗೊರಕೆ ಮಾವ ದೊಡ್ಡ ಹಂಡೆಯಲ್ಲಿ ಬೇಳೆ, ಆಲೂಗಡ್ಡೆ ಬೇಯಿಸಿದ್ದ. ಅವರು ಆ ದಿನ ಬರಲಿಲ್ಲ, ನಾಳೆ ಬರುತ್ತೇವೆ ಎಂದು ಹೇಳಿ ಕಳಿಸಿದರು. ಗೋದಾಮಿನವರಿಗೆ ಬ್ರೆಡ್ಡು ಕೊಟ್ಟು ಹಂಡೆಯನ್ನು ಹಾಗೇ ಮುಚ್ಚಿಟ್ಟರು. ತಗಡಿನ ಮಾಡು, ಒಳಗೆ ಕುಲುಮೆಯ ಹಾಗೆ ಸೆಖೆ.

ಮಾರನೇ ದಿನ ಹನ್ನೊಂದಕ್ಕೆ ಮುಚ್ಚಳ ತೆಗೆದದ್ದು ನಾನು. ಮೇಲೆ ಬಿಳಿ ನೊರೆ, ಅದರಲ್ಲಿ ಸಣ್ಣ ಗುಳ್ಳೆಗಳು ಎದ್ದು ಒಡೆಯುತ್ತಿದ್ದವು. ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಗೊರಕೆ ಮಾವ ಒಮ್ಮೆ ಬಗ್ಗಿ ನೋಡಿ, “ನಾನು ಮಾಡಿದ್ದು ನಿನ್ನೆ. ಇವತ್ತಿಂದು ನನ್ನ ಕೇಳ್ಬೇಡಿ” ಎಂದು ಹೆಗಲ ಬಟ್ಟೆ ಕೊಡವಿ ಹೊರಗೆ ಹೋದ.

“ಇದು ಹಳಸಿದೆ ರೀ” ಎಂದೆ.

ಇವರು ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡರು. “ಸ್ವಲ್ಪ ಹುಳಿ ತಿರುಗಿದೆ ಅಷ್ಟೆ. ಇನ್ನೊಂದು ಕುದಿ ಬಂದ್ರೆ ಸರಿಹೋಗುತ್ತೆ.”

“ಹಾಗಾದ್ರೆ ನೀವು ತಿಂತೀರಾ?”

“ನನಗೆ ಬೆಳಿಗ್ಗೆಯಿಂದ ಹೊಟ್ಟೆ ಸರಿ ಇಲ್ಲ.”

ಹಂಡೆ ಬಳಿದು ತಿನ್ನುವ ಮನುಷ್ಯ, ಅಕ್ಕ! ಹೆಡ್‌ಮಿಸ್ಟ್ರೆಸ್, “ಯಜಮಾನರ ಕಾರು ಬಂದಾಯ್ತು. ನೂರಿಪ್ಪತ್ತು ಜನರ ಊಟ ಈಗ ಎಲ್ಲಿಂದ ತರಲಿ?” ಎಂದು ಸೌಟನ್ನು ನನ್ನ ಕೈಗೆ ತುರುಕಿದರು. ಯಜಮಾನರು ಒಬ್ಬರಿಗೆ ಬಡಿಸಿ, ಫೋಟೋ ತೆಗೆಸಿಕೊಂಡು, ಕೈಗೆ ಸೆಂಟು ಹಚ್ಚಿಕೊಂಡು ಹೊರಟರು. ಮಿಕ್ಕವರಿಗೆಲ್ಲ ಬಡಿಸಿದ್ದು ನಾನು.

ಬ್ರೆಡ್ಡಿನ ಅಜ್ಜಿ ತಟ್ಟೆಯನ್ನು ಮೂಗಿಗೆ ಹಿಡಿದು, “ಯಾಕೋ ಹುಳಿ ವಾಸನೆ ಕಣಮ್ಮ” ಎಂದಳು.

ನಾನು ಏನೆಂದೆ ಗೊತ್ತೇ? “ಏನಾಗಲ್ಲ ತಿನ್ನಿ ಅಜ್ಜಿ. ಈಗಷ್ಟೇ ಕುದಿಸಿದ್ದು.”

“ನೀನು ಹೇಳ್ತೀಯಲ್ಲ, ಸರಿ ಬಿಡು” ಎಂದು ತಿಂದಳು.

ಸಂಜೆಗೆ ಶುರುವಾಯಿತು. ಗೋದಾಮಿನ ನೆಲ ತುಂಬ ಜನ ಕಕ್ಕುತ್ತಿದ್ದರು, ಬಾಗಿಲವರೆಗೂ ಹೋಗಲಾರದೆ ಕೂತಲ್ಲೇ ಎಲ್ಲ ಆಗಿಹೋಗುತ್ತಿತ್ತು. ನಲವತ್ತಮೂರು ಜನ. ಅಜ್ಜಿಗೆ ಆರು ದಿನ ಡ್ರಿಪ್ಪು ಹಾಕಿದ್ದರು. ಯಾರೂ ಸಾಯಲಿಲ್ಲ ಎಂಬುದು ಡಾಕ್ಟರ ಪುಣ್ಯ, ನಮ್ಮದಲ್ಲ.

ಹೆಲ್ತ್ ಇನ್‌ಸ್ಪೆಕ್ಟರ್ ಬಂದರು. ಅಷ್ಟರಲ್ಲಿ ಇವರು ಹಂಡೆ ತೊಳೆಸಿಟ್ಟಿದ್ದರು. ತೊಳೆದವಳೂ ನಾನೇ. “ಬಾವಿ ನೀರು ಕೆಟ್ಟಿದೆ ಸಾರ್, ನಾವು ಮೊದಲಿಂದಲೂ ಹೇಳ್ತಾ ಇದ್ವಿ” ಎಂದರು ಇವರು, ಕಣ್ಣು ಮಿಟುಕಿಸದೆ. ಇನ್‌ಸ್ಪೆಕ್ಟರ್ ಬಾವಿಗೆ ಹಲಗೆ ಹೊಡೆಸಿ ಬೀಗ ಹಾಕಿಸಿದರು. ಗೋದಾಮಿಗಿದ್ದದ್ದು ಅದೊಂದೇ ಬಾವಿ. ಈಗ ಡ್ರಿಪ್ಪು ಕಿತ್ತು ಎದ್ದ ಹೆಂಗಸರೇ ಒಂದೂವರೆ ಮೈಲಿ ಆಚೆಯ ನಲ್ಲಿಯಿಂದ ಕೊಡ ಹೊತ್ತು ತರುತ್ತಿದ್ದಾರೆ. ನಿನ್ನೆ ಒಬ್ಬಳು ದಾರಿಯಲ್ಲಿ ಕುಸಿದಳು.

ನಿಜ ಹೇಳಿಬಿಡೋಣ ಎಂದೆ. “ಹೇಳು. ಬಡಿಸಿದ್ದು ಯಾರು ಅಂತಲೂ ಹೇಳು” ಎಂದರು. ಹೆದರಿದೆ. ಮೂಗಿದ್ದೂ ಮೂಗಿಯಾದೆ. ನನ್ನ ಬಲಗೈ ನೋಡಿದರೆ ಹೇಸಿಗೆಯಾಗುತ್ತದೆ ಅಕ್ಕ, ಇದೇ ಕೈಯಲ್ಲಿ ತಲೆ ಬಾಚಬೇಕು, ಇದೇ ಕೈಯಲ್ಲಿ ತಿನ್ನಬೇಕು. ಏನು ಮಾಡಲಿ? ನೀನು ಹೇಳಿದ ಹಾಗೆ ಮಾಡುತ್ತೇನೆ.


ಜೂನ್ 10

ಅಕ್ಕ,

ಹನ್ನೆರಡು ದಿನ ಕಾದೆ. ದಿನಾ ಅಂಚೆಯವನ ಮುಖ ನೋಡಿದೆ. ಹತ್ತನೇ ದಿನ ಅವನೇ, “ಬಂದ್ರೆ ಓಡಿ ಬಂದು ಕೊಡ್ತೀನಮ್ಮ, ನೀವು ಬಿಸಿಲಲ್ಲಿ ನಿಲ್ಬೇಡಿ” ಎಂದ. ನಿನಗೆ ಹುಷಾರಿಲ್ಲವೋ, ಕೋಪವೋ ತಿಳಿಯದು. ನಾನೇ ಹೋದೆ.

ಇನ್‌ಸ್ಪೆಕ್ಟರ್ ಕಚೇರಿ ಎಂದರೆ ಒಂದು ಮೇಜು, ಒಂದು ಬೀರು, ಇಲಿ ಕೊರೆದ ಫೈಲುಗಳು. ಎಲ್ಲ ಹೇಳಿದೆ. ಅವರು ಪೆನ್ನು ಮುಚ್ಚಿಟ್ಟರು.

“ನಿಮ್ಮ ಮನೆಯವ್ರು ಬೇರೆ ಥರ ಹೇಳಿದ್ರಲ್ಲ?”

“ಅದು ಸುಳ್ಳು.”

“ಬರ್ಕೊಂಡ್ರೆ ನಿಮ್ಮ ಹೆಸರೂ ಬರುತ್ತಮ್ಮ.”

“ಬರಲಿ. ನಾನೇ ಬಡಿಸಿದ್ದು ಅಂತಲೇ ಬರೀರಿ.”

ನಾಲ್ಕನೇ ದಿನ ಬಾವಿಯ ಹಲಗೆ ಕಿತ್ತರು. ಸಂಘದವರು ಇನ್ನು ಯಾವ ಶಿಬಿರದಲ್ಲೂ ಒಲೆ ಹಚ್ಚಬಾರದು ಎಂದು ಇನ್‌ಸ್ಪೆಕ್ಟರ್ ಹೇಳಿ ವಿಚಾರಣೆ ಇಟ್ಟಿದ್ದಾರೆ. ನನ್ನನ್ನೂ ಕರೆಯುತ್ತಾರಂತೆ. ಹೆಡ್‌ಮಿಸ್ಟ್ರೆಸ್ ನನ್ನ ಕಡೆ ತಿರುಗಿಯೂ ನೋಡದೆ ವ್ಯಾನು ಹತ್ತಿದರು.

ಅವನು, ನನ್ನ ಗಂಡ, ಹತ್ತುವ ಮೊದಲು ಲಾಡ್ಜಿನ ಕೋಣೆಗೆ ಬಂದು ಮಂಚದ ಮೇಲೆ ಕೂತು ಅತ್ತ. ಬಿಕ್ಕಿ ಬಿಕ್ಕಿ ಅತ್ತ. ಮೂಗು ಸುರಿಯುತ್ತಿತ್ತು, ನನ್ನ ಟವೆಲಿನಲ್ಲಿ ಒರೆಸಿಕೊಂಡ. “ಸೇವೆಗೆ ಕೆಟ್ಟ ಹೆಸರು ಬರಬಾರದು ಅಂತ ಮಾಡಿದೆ ಕಣೇ” ಎಂದ.

“ಬಾವಿಗೆ ಕೆಟ್ಟ ಹೆಸರು ಬಂದ್ರೆ ಪರವಾಗಿಲ್ವಾ?” ಎಂದೆ.

“ಕಟ್ಕೊಂಡ ಗಂಡನ್ನ ಬೀದಿಗೆ ತಂದ್ಯಲ್ಲ” ಎಂದ. ಹೋದ. ಅಷ್ಟು ಅಳು ನೋಡಿದರೆ ಬೇರೆ ಯಾರಿಗಾದರೂ ಕರುಳು ಚುರುಕ್ ಎನ್ನುತ್ತಿತ್ತು. ನನಗೆ ಆ ಟವೆಲನ್ನು ಮುಟ್ಟಲಾಗಲಿಲ್ಲ, ಕಡ್ಡಿಯಿಂದ ಎತ್ತಿ ಎಸೆದೆ.

ನಾನು ಗೋದಾಮಿನಲ್ಲೇ ಉಳಿದಿದ್ದೇನೆ. ಊರಿನವರು ದಿನಸಿ ಕೊಡುತ್ತಾರೆ, ಗೋದಾಮಿನ ಹೆಂಗಸರೇ ಬೇಯಿಸುತ್ತಾರೆ. ತೊಳೆಯುವುದು, ಹೆಚ್ಚುವುದು ನನ್ನದು. ಯಾರೂ ಬೈಯುವುದಿಲ್ಲ, ಯಾರೂ ಮಾತಾಡಿಸುವುದೂ ಇಲ್ಲ. ನಾನು ಸೌಟು ಹಿಡಿದು ನಿಂತರೆ ಸಾಲು ತಾನಾಗಿಯೇ ಪಕ್ಕದವಳ ಮುಂದಕ್ಕೆ ಸರಿಯುತ್ತದೆ. ಅಜ್ಜಿ ಬಂದಿದ್ದಾಳೆ, ಇನ್ನೂ ಸಣ್ಣಗಾಗಿದ್ದಾಳೆ. ನನ್ನ ನೆರಳು ತನ್ನ ತಟ್ಟೆಯ ಮೇಲೆ ಬಿದ್ದರೂ ತಟ್ಟೆಯನ್ನು ಸರಿಸುತ್ತಾಳೆ.

ತಂಗಿ


ಜೂನ್ 16

ತಂಗಿ,

ನನಗೆ ಹುಷಾರಿದೆ. ಕೋಪವೂ ಇಲ್ಲ. ನಿನ್ನ ಮೇ ತಿಂಗಳ ಕಾಗದ ಸರಿಯಾದ ಸಮಯಕ್ಕೇ ಬಂದಿತ್ತು. ಉತ್ತರ ಬರೆಯಲು ಕೂತು ನಾಲ್ಕು ಸಲ ಹರಿದು ಹಾಕಿದೆ.

ಅವನು ಅತ್ತ ಎಂದು ಬರೆದಿದ್ದೀಯ. ನನ್ನ ಮುಂದೆಯೂ ಅತ್ತಿದ್ದ.

ಎರಡು ವರ್ಷದ ಹಿಂದೆ ಸಂಘದಿಂದ ಎಂಬತ್ತು ಕಂಬಳಿ ತಂದ. ಒಗೆದು ಕುದಿಸಿದ್ದೇವೆ, ನೇರ ವಾರ್ಡಿಗೆ ಹಾಕಬಹುದು ಎಂದ. ನಾನು ಒಂದನ್ನು ಬಿಚ್ಚಿ ನೋಡಿದ್ದೆ. ಮಡಿಕೆಯಲ್ಲಿ ಜಿಡ್ಡು ಕೈಗೆ ಹತ್ತಿತ್ತು. ಆ ದಿನ ಕೆಲಸ ವಿಪರೀತ. ಒಳ್ಳೆಯ ಮನುಷ್ಯ, ಸುಳ್ಳು ಹೇಳುತ್ತಾನೆಯೇ ಎಂದುಕೊಂಡು ರುಜು ಹಾಕಿದೆ. ವಾರದಲ್ಲಿ ಎರಡು ವಾರ್ಡಿಗೆ ಕಜ್ಜಿ ಹಬ್ಬಿತು. ಆಗಷ್ಟೇ ಹೆರಿಗೆಯಾದ ಹೆಂಗಸರು ಮೈ ಕೆರೆದುಕೊಂಡು ರಾತ್ರಿಯೆಲ್ಲ ಅಳುತ್ತಿದ್ದರು.

ವಿಚಾರಣೆಯಲ್ಲಿ, ಬಟ್ಟೆಗೆ ಸರಿಯಾಗಿ ಬಿಸಿ ಇಸ್ತ್ರಿ ಹಾಕದೆ ಕೊಟ್ಟವಳು ನಮ್ಮ ಲಾಂಡ್ರಿಯ ಇಸ್ತ್ರಿಯವಳು ಎಂದಾಯಿತು. ನಾನು ಸುಮ್ಮನಿದ್ದೆ. ಅವಳನ್ನು ಕೆಲಸದಿಂದ ತೆಗೆದರು. ಆಮೇಲೆ ಅವನು ಬಂದು ಲಾಂಡ್ರಿಯ ಹಿಂದೆ ನಿಂತು ಅತ್ತ, ನನ್ನ ಕಾಲಿಗೂ ಬೀಳಹೋದ. ಇಷ್ಟು ಅಳುವವನ ಮನಸ್ಸು ಎಷ್ಟು ಮೆತ್ತಗಿರಬೇಕು ಎಂದುಕೊಂಡೆ. ಇಬ್ಬರೂ ಒಂದೇ ಗುಟ್ಟು ನುಂಗಿದ್ದೆವಲ್ಲ, ನಂಟು ಬೆಳೆಯಿತು. ಆ ನಂಟಿನಲ್ಲೇ ನಿನ್ನನ್ನು ಕೊಟ್ಟೆ. ನೀನು ಮೊದಲ ಕಾಗದದಲ್ಲಿ ಕೇಳಿದ ಕಥೆ ಇದೇ.

ಹೊಲಸೆಲ್ಲ ನನ್ನ ಕೈಗೆ ಅಂಟುವುದಿಲ್ಲ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಮೊನ್ನೆ ಸೂಪರಿಂಟೆಂಡೆಂಟರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಇಸ್ತ್ರಿಯವಳ ಮನೆಗೂ ಹೋಗಿದ್ದೆ. ಬಾಗಿಲು ತೆಗೆದಳು, ನಾನು ಹೇಳಿದ್ದನ್ನು ಪೂರ್ತಿ ಕೇಳಿದಳು, “ಆಯ್ತಾ?” ಎಂದಳು, ಬಾಗಿಲು ಹಾಕಿಕೊಂಡಳು.

ನಿನಗೆ ಬುದ್ಧಿ ಹೇಳುವ ಮುಖ ನನಗಿಲ್ಲ.

ಅಕ್ಕ


ಜೂನ್ 29

ಅಕ್ಕ,

ಕಾಗದ ಓದಿದ ದಿನ ನಿನ್ನ ಮೇಲೆ ಹೇಸಿಗೆಯಾಯಿತು. ಬಚ್ಚಿಡುವುದಿಲ್ಲ. ಅವನಿಗಿಂತ ನಿನ್ನ ಮೇಲೇ ಹೆಚ್ಚು. ಅವನು ನಿನ್ನೆ ಮೊನ್ನೆ ಸಿಕ್ಕವನು. ನೀನು ನನ್ನ ತಲೆಗೆ ಎಣ್ಣೆ ಹಚ್ಚಿದವಳು. ಮಾರನೇ ದಿನ ಈ ಕೋಪವನ್ನು ಇಟ್ಟುಕೊಂಡು ಏನು ಮಾಡಲಿ ಎಂದು ಯೋಚಿಸಿದೆ. ಜಿಡ್ಡು ಕೈಗೆ ಹತ್ತಿದರೂ ರುಜು ಹಾಕಿದವಳು ನೀನು, ನೊರೆ ನೋಡಿಯೂ ಬಡಿಸಿದವಳು ನಾನು. ಯಾರು ಯಾರಿಗೆ ಮೂಗು ಮುರಿಯುವುದು?

ಅವನ ಕಾಗದವೂ ಬಂದಿದೆ. ನಾಲ್ಕು ಹಾಳೆ, ಅಲ್ಲಲ್ಲಿ ಶಾಯಿ ಕಣ್ಣೀರಿಗೆ ಕಲಸಿದೆ. ‘ಎಲ್ಲ ಮರೆತು ಬಂದುಬಿಡು’ ಎಂದಿದ್ದಾನೆ. ಬಾವಿಯ ವಿಷಯ ಒಂದು ಸಾಲೂ ಇಲ್ಲ. ಬರುವುದಿಲ್ಲ ಎಂದು ಬರೆದು ಹಾಕಿದೆ. ವಿಚಾರಣೆ ಮುಂದಿನ ತಿಂಗಳು. ಅದು ಮುಗಿಯುವವರೆಗೆ ಇಲ್ಲೇ ಇರುತ್ತೇನೆ, ಆಮೇಲಿನದು ಆಮೇಲೆ. ನಿನ್ನ ಕೆಲಸದ ಸುದ್ದಿ ಬರಿ. ಉಳಿದರೂ ಬರಿ, ಹೋದರೂ ಬರಿ.

ನಿನ್ನೆಯ ಒಂದು ವಿಷಯ ಹೇಳಿ ಮುಗಿಸುತ್ತೇನೆ. ಪಕ್ಕದಲ್ಲಿ ಬಡಿಸುವವಳಿಗೆ ಜ್ವರ. ಸೌಟು ಹಿಡಿದು ನಾನೊಬ್ಬಳೇ ನಿಂತಿದ್ದೆ. ಸಾಲು ಹಿಂದೆ ಮುಂದೆ ನೋಡುತ್ತಿತ್ತು. ಕೊನೆಗೆ ಅಜ್ಜಿ ಗೋಡೆ ಹಿಡಿದುಕೊಂಡು ಬಂದು ನನ್ನ ಮುಂದೆ ನಿಂತಳು. ತಟ್ಟೆಯನ್ನು ಎದೆಗೆ ಒತ್ತಿಕೊಂಡಿದ್ದಳು.

“ಮೊದಲು ನೀನು ತಿನ್ನು” ಎಂದಳು.

ಹಾಕಿಕೊಂಡು ತಿಂದೆ. ಬಿಸಿಗೆ ನಾಲಿಗೆ ಸುಟ್ಟಿತು. ಅಜ್ಜಿ ನನ್ನ ಗಂಟಲನ್ನೇ ನೋಡುತ್ತಿದ್ದಳು.

“ಇನ್ನೊಂದು ತುತ್ತು.”

ತಿಂದೆ.

“ಇನ್ನೊಂದು.”

ಮೂರನೆಯದು ನುಂಗುವಾಗ ಕಣ್ಣಲ್ಲಿ ನೀರು ಬಂತು. ಅಳುತ್ತಿದ್ದೇನೆ ಎಂದುಕೊಂಡಾಳು ಎಂದು ಹೆದರಿ ತಡೆದುಕೊಂಡೆ. ಅಜ್ಜಿ ತಟ್ಟೆಯನ್ನು ಮುಂದೆ ಚಾಚಿದಳು.

“ಸ್ವಲ್ಪ ಹಾಕು. ಜಾಸ್ತಿ ಬೇಡ.”

ಸ್ವಲ್ಪವೇ ಹಾಕಿದೆ. ಅವಳು ದೂರದ ಮೂಲೆಗೆ ಹೋಗಿ, ನನಗೆ ಬೆನ್ನು ಮಾಡಿ ಕೂತು ತಿಂದಳು. ಹಿಂದೆಯೇ ಸಾಲು ಒಂದು ಹೆಜ್ಜೆ ಮುಂದೆ ಬಂತು.

ತಂಗಿ